ತಡವಾಗಿ ಬರುವ ‘ಎಸ್’

ನಾನು ಇಂಗ್ಲಿಷ್ ಕಲಿಸುತ್ತಿದ್ದ ಎಂಟನೇ ತರಗತಿಯ ಒಂದು ಬೆಳಗ್ಗೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮೂರು ದಿನದಿಂದ ಒಂದೇ ಪಾಠ ನಡೆದಿತ್ತು. ವಾಕ್ಯದ ಕರ್ತೃ ‘ಹೀ’, ‘ಶೀ’ ಅಥವಾ ‘ಇಟ್’ ಆಗಿದ್ದರೆ ವರ್ತಮಾನ ಕಾಲದ ಕ್ರಿಯಾಪದಕ್ಕೆ ‘ಎಸ್’ ಸೇರಬೇಕು. ಬೋರ್ಡಿನ ಮೇಲೆ ಬರೆದದ್ದಾಯಿತು, ಇಡೀ ತರಗತಿಯಿಂದ ಹೇಳಿಸಿದ್ದಾಯಿತು, ಬಿಟ್ಟ ಸ್ಥಳ ತುಂಬಿಸಿದ್ದಾಯಿತು. ಎರಡನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ನಿಯಮವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ನನಗೆ ಖುಷಿಯಾಯಿತು. ‘ನಿಮ್ಮಪ್ಪ ಬೆಳಗ್ಗೆ ಎದ್ದು ಏನು ಮಾಡ್ತಾರೆ, ಇಂಗ್ಲಿಷಲ್ಲಿ ಹೇಳಪ್ಪ’ ಅಂದೆ. ಅವನು ಉತ್ಸಾಹದಿಂದ ಹೇಳಿದ: ‘ಮೈ ಫಾದರ್ ಗೆಟ್ ಅಪ್ ಅರ್ಲಿ ಸಾರ್. ಹೀ ಮಿಲ್ಕ್ ಫೋರ್ ಕೌಸ್.’

‘ಗೆಟ್’ಗೆ ಎಸ್ ಇಲ್ಲ, ‘ಮಿಲ್ಕ್’ಗೂ ಇಲ್ಲ. ಈಗಷ್ಟೇ ನಿಯಮ ಹೇಳಿದ ಬಾಯಿ ಮರುಕ್ಷಣವೇ ಅದನ್ನು ಮುರಿದಿತ್ತು. ನಾನು ಗದರಿದೆ, ಅವನು ತಲೆ ತಗ್ಗಿಸಿ ಕೂತ. ಅವನ ವಾಕ್ಯದಲ್ಲಿ ಇನ್ನೊಂದು ಸಂಗತಿ ಇತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ‘ಕೌಸ್’ ಎನ್ನುವಲ್ಲಿ ಎಸ್ ಸರಿಯಾಗಿಯೇ ಬಂದಿತ್ತು. ಆ ವಾರ ನಾನು ಬಹುವಚನವನ್ನು ಕಲಿಸಿರಲೇ ಇಲ್ಲ. ಅದೇ ಅಕ್ಷರ, ಅದೇ ನಾಲಿಗೆ. ಹಸುಗಳ ಜೊತೆ ತಾನಾಗಿ ಬಂದ ಎಸ್, ಅಪ್ಪನ ಕೆಲಸದ ಜೊತೆ ಮೂರು ದಿನ ಕಲಿಸಿದರೂ ಬರಲಿಲ್ಲ. ಯಾಕೆ?

ಎರಡನೆಯ ಭಾಷೆಯೊಂದರ ವ್ಯಾಕರಣ ಮನುಷ್ಯನ ತಲೆಯಲ್ಲಿ ಹೇಗೆ ಬೇರು ಬಿಡುತ್ತದೆ, ಅದರಲ್ಲಿ ಮೇಷ್ಟರ ಪಾಲೆಷ್ಟು ಎಂಬ ದೊಡ್ಡ ಪ್ರಶ್ನೆ ಈ ಸಣ್ಣ ‘ಯಾಕೆ’ಯೊಳಗಿದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಭಾಷಾವಿಜ್ಞಾನಿಗಳು ಇದರ ಬೆನ್ನು ಹತ್ತಿದ್ದಾರೆ. ಅವರು ಕಂಡುಕೊಂಡದ್ದು ನಮ್ಮ ಶಿಕ್ಷಕರಿಗೂ ತಂದೆತಾಯಂದಿರಿಗೂ ತಲುಪಬೇಕಾದಷ್ಟು ತಲುಪಿಲ್ಲ ಎಂಬ ಕಳವಳದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಒಂದು ಕಾಲದಲ್ಲಿ ಭಾಷೆಯೆಂದರೆ ಅಭ್ಯಾಸಬಲ ಎಂದೇ ನಂಬಿಕೆಯಿತ್ತು. ಸರಿಯಾದ ವಾಕ್ಯವನ್ನು ನೂರು ಸಲ ಹೇಳಿಸಿದರೆ ಅದು ನಾಲಿಗೆಗೆ ಅಂಟಿಕೊಳ್ಳುತ್ತದೆ, ತಪ್ಪೆಂದರೆ ಮಾತೃಭಾಷೆಯಿಂದ ಬಂದ ಕೆಟ್ಟ ರೂಢಿ, ಅದನ್ನು ಹುಟ್ಟಿದಲ್ಲೇ ಚಿವುಟಬೇಕು. ಮೇಷ್ಟರು ಬಾಗಿಲ ಕಡೆ ನಡೆಯುತ್ತಾ ‘ಐ ಆಮ್ ವಾಕಿಂಗ್ ಟು ದ ಡೋರ್’ ಎನ್ನುವುದು, ಮಕ್ಕಳು ಅದನ್ನೇ ಕೋರಸ್ಸಿನಲ್ಲಿ ಹೇಳುವುದು ಈ ನಂಬಿಕೆಯ ಕೂಸು. 1967ರಲ್ಲಿ ಪಿಟ್ ಕಾರ್ಡರ್ ಎಂಬ ಬ್ರಿಟಿಷ್ ವಿದ್ವಾಂಸ ಇದನ್ನು ತಿರುವಿ ಹಾಕಿದರು. ಕಲಿಯುವವನ ತಪ್ಪನ್ನು ಕಸವೆಂದು ಗುಡಿಸಬೇಡಿ, ಅವನ ತಲೆಯೊಳಗೆ ಈಗ ಯಾವ ವ್ಯಾಕರಣ ನಡೆಯುತ್ತಿದೆ ಎಂದು ತೋರಿಸುವ ಕಿಟಕಿ ಅದು ಎಂಬುದು ಅವರ ವಾದದ ತಿರುಳು. ‘ಗೋಡ್’ ಎನ್ನುವ ಮಗು ಆ ಪದವನ್ನು ಯಾರ ಬಾಯಿಂದಲೂ ಕೇಳಿರುವುದಿಲ್ಲ. ಭೂತಕಾಲಕ್ಕೊಂದು ಸೂತ್ರವಿದೆ ಎಂದು ತಾನೇ ಕಂಡುಕೊಂಡು ‘ಗೋ’ಗೂ ಹಚ್ಚಿರುತ್ತದೆ. 1972ರಲ್ಲಿ ಲ್ಯಾರಿ ಸೆಲಿಂಕರ್ ಕಲಿಯುವವನ ತಲೆಯೊಳಗಿನ ಈ ವ್ಯಾಕರಣಕ್ಕೆ ‘ಇಂಟರ್‌ಲ್ಯಾಂಗ್ವೇಜ್’ ಎಂಬ ಹೆಸರು ಕೊಟ್ಟರು. ನಾವು ನಡುಭಾಷೆ ಎನ್ನೋಣ. ಮಾತೃಭಾಷೆಯೂ ಅಲ್ಲದ, ಕಲಿಯುತ್ತಿರುವ ಭಾಷೆಯೂ ಅಲ್ಲದ, ಆದರೆ ತನ್ನದೇ ಕಟ್ಟುಪಾಡು ಇರುವ ಭಾಷೆ ಅದು.

ಈ ನಡುಭಾಷೆ ಬೆಳೆಯುವುದಕ್ಕೂ ಒಂದು ಕ್ರಮವಿದೆ. 1973ರಲ್ಲಿ ರೋಜರ್ ಬ್ರೌನ್ ಇಂಗ್ಲಿಷ್ ಮನೆಮಾತಿನ ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ಗಮನಿಸಿ, 14 ವ್ಯಾಕರಣ ರೂಪಗಳು ಹೆಚ್ಚುಕಡಿಮೆ ಒಂದೇ ಸರದಿಯಲ್ಲಿ ಬರುತ್ತವೆ ಎಂದು ತೋರಿಸಿದರು. ಕ್ರಿಯಾಪದದ ‘ಇಂಗ್’ ಬೇಗ, ಬಹುವಚನದ ಎಸ್ ಬೇಗ. ಕ್ರಿಯಾಪದದ ಎಸ್ ತೀರಾ ತಡ. ಮರುವರ್ಷ ಹೈಡಿ ಡುಲೇ ಮತ್ತು ಮರೀನಾ ಬರ್ಟ್, ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಸ್ಪ್ಯಾನಿಷ್ ಮಕ್ಕಳನ್ನೂ ಚೀನೀ ಮಕ್ಕಳನ್ನೂ ಹೋಲಿಸಿ ನೋಡಿದರು. ಎರಡು ಮನೆಮಾತುಗಳಿಗೆ ಯಾವ ನಂಟೂ ಇಲ್ಲ, ಆದರೂ ಸರದಿ ಬಹುಪಾಲು ಒಂದೇ ಆಗಿತ್ತು. ವಯಸ್ಕರಲ್ಲೂ ಅಂಥದೇ ಸರದಿ ಕಂಡಿತು, ಅಲ್ಲೂ ಆ ಎಸ್ ಕೊನೆಯ ಸಾಲಿನಲ್ಲೇ ಕೂತಿತ್ತು. ನನ್ನ ಎರಡನೇ ಬೆಂಚಿನ ಹುಡುಗ ಪ್ರಪಂಚದ ಮಕ್ಕಳೆಲ್ಲ ನಡೆದ ದಾರಿಯಲ್ಲೇ ನಡೆಯುತ್ತಿದ್ದ.

ಕನ್ನಡದ ಕಡೆಯಿಂದ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ, ಬರುತ್ತೆ, ಬರ್ತಾರೆ. ನಮ್ಮ ಕ್ರಿಯಾಪದ ಹೆಜ್ಜೆ ಹೆಜ್ಜೆಗೂ ಬಾಲ ಬದಲಿಸುತ್ತದೆ, ಶಾಲೆಗೆ ಹೋಗುವ ಮೊದಲೇ ಮಕ್ಕಳು ಇದನ್ನೆಲ್ಲ ಸಲೀಸಾಗಿ ಆಡುತ್ತಾರೆ. ಇಷ್ಟು ಬಾಲಗಳನ್ನು ನಿಭಾಯಿಸುವ ಮಗುವಿಗೆ ಇಂಗ್ಲಿಷಿನ ಒಂದೇ ಒಂದು ಎಸ್ ಭಾರವಾಗಬಾರದಲ್ಲ? ಆದರೆ ಕನ್ನಡದ ಬಾಲ ಕೆಲಸ ಮಾಡುತ್ತದೆ. ‘ನಾಳೆ ಬರ್ತಾಳೆ’ ಅಂದರೆ ಸಾಕು, ಬರುವುದು ಒಬ್ಬ ಹೆಣ್ಣುಮಗಳು ಎಂದು ತಿಳಿಯಿತು. ಕರ್ತೃವನ್ನು ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನ ಎಸ್ ಹಾಗಲ್ಲ. ‘ಹೀ’ ಎಂಬ ಪದ ಮುಂದೆಯೇ ನಿಂತಿರುವಾಗ ಎಸ್ ಹೊಸದಾಗಿ ಹೇಳುವುದು ಏನೂ ಇಲ್ಲ. ಸದ್ದೂ ಸಣ್ಣದು, ‘ಗೆಟ್ಸ್ ಅಪ್’ ಎಂದು ಬೇಗ ಹೇಳಿದರೆ ಕಿವಿಗೆ ಬೀಳುವುದೇ ಕಷ್ಟ. ‘ಕೌಸ್’ನ ಎಸ್‌ಗೆ ಮಾತ್ರ ಅರ್ಥವಿದೆ, ಅದು ಹಸು ಒಂದಲ್ಲ ಎಂದು ಹೇಳುತ್ತದೆ. ಕಲಿಯುವ ಮನಸ್ಸು ಮೊದಲು ಹುಡುಕುವುದು ಅರ್ಥವನ್ನು. ಅರ್ಥಕ್ಕೆ ಬೇಡವಾದದ್ದನ್ನು ಅದು ಆಮೇಲೆ ನೋಡಿಕೊಳ್ಳುತ್ತದೆ.

ಹಾಗೆಂದು ಮಾತೃಭಾಷೆಯ ನೆರಳೇ ಇಲ್ಲ ಎನ್ನುವಂತಿಲ್ಲ. ಕನ್ನಡದಲ್ಲಿ ‘ಎ’, ‘ದ’ಗಳಂಥ ಪದಗಳಿಲ್ಲ. ಆದ್ದರಿಂದ ಚೆನ್ನಾಗಿ ಇಂಗ್ಲಿಷ್ ಬರೆಯುವ ಕನ್ನಡಿಗರೂ ‘ದ’ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಕೊನೆಯವರೆಗೂ ತಡವರಿಸುವುದುಂಟು. ಮನೆಮಾತಿನಲ್ಲಿ ಇಲ್ಲದ ರೂಪ ತಡವಾಗಿ ಬರಬಹುದು, ಇರುವ ರೂಪ ಬೇಗ ಬರಬಹುದು ಎಂದು ಮುಂದಿನ ಸಂಶೋಧನೆಗಳು ಹಳೆಯ ಸರದಿಯನ್ನು ಅಲ್ಲಲ್ಲಿ ತಿದ್ದಿವೆ.

ಈಗ ಮೇಷ್ಟರ ಸಂಗತಿಗೆ ಬರೋಣ. ಗಟ್ಟಿಯಾಗಿ ಪಾಠ ಮಾಡಿದರೆ ಈ ಸರದಿಯನ್ನು ಬದಲಿಸಬಹುದೇ? ಇದನ್ನು ನೇರವಾಗಿ ಪರೀಕ್ಷಿಸಿದವರು ಜರ್ಮನಿಯ ಮ್ಯಾನ್‌ಫ್ರೆಡ್ ಪೀನೆಮನ್. ಜರ್ಮನ್ ವಾಕ್ಯದಲ್ಲಿ ಪದಗಳ ಜೋಡಣೆಯನ್ನು ಕಲಿಯುವವರು ಹಂತ ಹಂತವಾಗಿ ಹಿಡಿಯುತ್ತಾರೆ ಎಂಬುದು ಅವರಿಗೆ ವಲಸೆ ಕಾರ್ಮಿಕರ ಮಾತಿನ ಅಧ್ಯಯನದಿಂದ ಗೊತ್ತಿತ್ತು. ಜರ್ಮನಿಯಲ್ಲಿದ್ದ ಇಟಾಲಿಯನ್ ಮಕ್ಕಳಿಗೆ ಅವರು ಮೇಲಿನ ಹಂತದ ಒಂದು ನಿಯಮವನ್ನು ಕಲಿಸಿದರು. ಅದರ ಹಿಂದಿನ ಮೆಟ್ಟಿಲಲ್ಲೇ ನಿಂತಿದ್ದ ಮಕ್ಕಳು ಅದನ್ನು ಹಿಡಿದರು. ಎರಡು ಮೆಟ್ಟಿಲು ಕೆಳಗಿದ್ದವರಿಗೆ ಅದೇ ಪಾಠದಿಂದ ದಕ್ಕಲಿಲ್ಲ. ಪಾಠ ಮೆಟ್ಟಿಲನ್ನು ಬೇಗ ಹತ್ತಿಸಬಹುದು, ಹಾರಿಸಲಾರದು ಎಂಬುದು 1984ರಲ್ಲಿ ಅವರು ಮುಂದಿಟ್ಟ ಮಾತಿನ ಸಾರ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾಲೆಗಳಿಂದ ಇನ್ನೆರಡು ಪಾಠಗಳು ಬಂದವು. ಅಲ್ಲಿ ಫ್ರೆಂಚ್ ಮನೆಮಾತಿನ ಮಕ್ಕಳಿಗೆ ತಿಂಗಳುಗಟ್ಟಲೆ ‘ಇಂಗ್’ ರೂಪವನ್ನು ಬಾಯಿಪಾಠ ಮಾಡಿಸಿದ್ದರು. ಪ್ಯಾಟ್ಸಿ ಲೈಟ್‌ಬೌನ್ ಹೋಗಿ ನೋಡಿದಾಗ ಮಕ್ಕಳು ಬೇಕಾದಲ್ಲೂ ಬೇಡವಾದಲ್ಲೂ ‘ಇಂಗ್’ ಹಚ್ಚುತ್ತಿದ್ದರು. ಪಠ್ಯ ಮುಂದಿನ ರೂಪಕ್ಕೆ ಹೋದ ಮೇಲೆ ಆ ‘ಇಂಗ್’ ಕರಗಿಹೋಗಿ ‘ಹೀ ಟೇಕ್’ ಎಂಬ ಬೋಳು ಕ್ರಿಯಾಪದ ಉಳಿಯಿತು. ಇನ್ನೊಂದು ಅಧ್ಯಯನ ಲಿಡಿಯಾ ವೈಟ್ ಅವರದು. ಇಂಗ್ಲಿಷ್ ವಾಕ್ಯದಲ್ಲಿ ‘ಆಫನ್’ನಂಥ ಪದವನ್ನು ಎಲ್ಲಿಡಬೇಕು ಎಂದು ಎರಡು ವಾರ ಚೊಕ್ಕವಾಗಿ ಕಲಿಸಲಾಯಿತು. ಪಾಠ ಮುಗಿದಾಗ ಫಲಿತಾಂಶ ಬಹಳ ಚೆನ್ನಾಗಿತ್ತು. ಒಂದು ವರ್ಷ ಬಿಟ್ಟು ನೋಡಿದರೆ ಮಕ್ಕಳು ಮೊದಲಿದ್ದ ಜಾಗಕ್ಕೇ ಮರಳಿದ್ದರು. ಆ ವರ್ಷದಲ್ಲಿ ಅಂಥ ವಾಕ್ಯಗಳು ಅವರ ಕಿವಿಗೆ ಬಿದ್ದದ್ದೇ ಅಪರೂಪ. ನಮ್ಮ ಕಿರುಪರೀಕ್ಷೆಯ ಅಂಕಗಳನ್ನು ನೋಡಿ ಹಿಗ್ಗುವಾಗ ಇದನ್ನು ನೆನೆಯಬೇಕು. ಪರೀಕ್ಷೆಯಲ್ಲಿ ಬಂದದ್ದು ಬಾಯಲ್ಲಿ ಉಳಿಯುತ್ತದೆ ಎಂಬ ಭರವಸೆಯಿಲ್ಲ.

ಹಾಗಾದರೆ ವ್ಯಾಕರಣ ಪಾಠವನ್ನೇ ಬಿಟ್ಟುಬಿಡಬೇಕೇ? ಹೌದು ಎನ್ನುವಷ್ಟು ದೂರ ಹೋದವರಲ್ಲಿ ಅಮೆರಿಕದ ಸ್ಟೀಫನ್ ಕ್ರ್ಯಾಶನ್ ಪ್ರಮುಖರು. ಅರ್ಥವಾಗುವ ಭಾಷೆ ಧಾರಾಳವಾಗಿ ಕಿವಿಗೆ ಬೀಳಲಿ, ವ್ಯಾಕರಣ ತಾನಾಗಿ ಬರುತ್ತದೆ, ಕಲಿತ ನಿಯಮ ಬರೆದದ್ದನ್ನು ತಿದ್ದಲು ಸಹಾಯವಾದೀತೇ ಹೊರತು ಮಾತಾಗಿ ಬದಲಾಗದು ಎಂದರು ಅವರು. ಇದನ್ನು ಒರೆಗೆ ಹಚ್ಚುವ ಅವಕಾಶವೂ ಕೆನಡಾದಲ್ಲೇ ಸಿಕ್ಕಿತು. 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಶಾಲೆಯ ಪಾಠವನ್ನೇ ಫ್ರೆಂಚಿನಲ್ಲಿ ಮಾಡುವ ಪ್ರಯೋಗ ಶುರುವಾಯಿತು, ಮುಂದೆ ದೇಶದುದ್ದಕ್ಕೂ ಹಬ್ಬಿತು. ವರ್ಷಗಟ್ಟಲೆ ಫ್ರೆಂಚಿನಲ್ಲಿ ಮುಳುಗಿದ ಆ ಮಕ್ಕಳು ಅದನ್ನು ಬಹಳ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು, ಧೈರ್ಯವಾಗಿ ಮಾತಾಡುತ್ತಿದ್ದರು. ಆದರೆ ನಾಮಪದಗಳ ಲಿಂಗ, ಕ್ರಿಯಾಪದದ ಕಾಲರೂಪಗಳಲ್ಲಿ ತಪ್ಪು ಉಳಿದೇ ಇತ್ತು. ಮಕ್ಕಳು ಕೇಳಿದ್ದು ಹೆಚ್ಚು, ತಾವೇ ವಾಕ್ಯ ಕಟ್ಟಿ ಆಡಬೇಕಾದ ಪ್ರಸಂಗ ಕಡಿಮೆ ಎಂದು ಮೆರಿಲ್ ಸ್ವೇನ್ ಕಾರಣ ಹುಡುಕಿದರು. ಹಾಡ್ತಾ ಹಾಡ್ತಾ ರಾಗ ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಕೇಳುತ್ತಾ ಕೇಳುತ್ತಾ ರಾಗದ ಪರಿಚಯವಾದೀತು, ಗಂಟಲಿಗೆ ಬರುವುದು ಹಾಡಿದಾಗ.

ಆದರೆ ಬರೀ ಆಡಿದರೂ ಸಾಲದು. ಹವಾಯಿಯಲ್ಲಿ ನೆಲೆಸಿದ ಜಪಾನಿ ಕಲಾವಿದರೊಬ್ಬರ ಇಂಗ್ಲಿಷನ್ನು ರಿಚರ್ಡ್ ಸ್ಮಿಟ್ ವರ್ಷಗಳ ಕಾಲ ದಾಖಲಿಸಿದರು. ಆ ಕಲಾವಿದರು ಸ್ನೇಹಜೀವಿ, ಮಾತುಗಾರ, ಯಾರೊಂದಿಗಾದರೂ ವ್ಯವಹಾರ ನಡೆಸಬಲ್ಲವರು. ಅವರ ವ್ಯಾಕರಣ ಮಾತ್ರ ಇದ್ದಲ್ಲೇ ನಿಂತಿತ್ತು. ಗಮನಕ್ಕೆ ಬಾರದ್ದು ಕಲಿಕೆಯಾಗದು ಎಂದು ಸ್ಮಿಟ್ 1990ರಲ್ಲಿ ವಾದಿಸಿದರು. ಗಮನವನ್ನು ಸೆಳೆದು ತೋರಿಸುವುದು ಪಾಠ ಮಾಡಬಲ್ಲ ಕೆಲಸ. 2000ನೇ ಇಸವಿಯಲ್ಲಿ ಜಾನ್ ನಾರಿಸ್ ಮತ್ತು ಲೂರ್ಡೆಸ್ ಒರ್ಟೇಗಾ 49 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ, ರೂಪದ ಕಡೆ ಸ್ಪಷ್ಟವಾಗಿ ಬೊಟ್ಟು ಮಾಡಿ ಕಲಿಸಿದವರಿಗೆ ಹೆಚ್ಚು ಪ್ರಯೋಜನವಾಗಿರುವುದು ಕಂಡಿತು. ಆ ಅಧ್ಯಯನಗಳಲ್ಲಿ ಬಹಳಷ್ಟು, ಕಲಿಕೆಯನ್ನು ಅಳೆದದ್ದು ಲಿಖಿತ ಅಭ್ಯಾಸದಂಥ ಪರೀಕ್ಷೆಗಳಿಂದ, ಸಹಜ ಮಾತುಕತೆಯಿಂದಲ್ಲ ಎಂಬ ಎಚ್ಚರಿಕೆಯೂ ಜೊತೆಗಿರಬೇಕು.

ಈ ಚರ್ಚೆಯಲ್ಲಿ ನಮ್ಮ ಬೆಂಗಳೂರಿಗೂ ದೊಡ್ಡ ಜಾಗವಿದೆ. ಜಗತ್ತಿನ ಯಾವ ಮೂಲೆಯಲ್ಲಿ ಭಾಷಾಬೋಧನೆ ಓದಿದರೂ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂಬ ಹೆಸರು ಎದುರಾಗುತ್ತದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತನದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನೊಂದಿಗೆ ನಡೆದ ಪ್ರಯೋಗವಿದು. ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳ ತರಗತಿಗಳೇ ಪ್ರಯೋಗಶಾಲೆಯಾದವು. ಇಂಥ ದಿನ ಇಂಥ ವ್ಯಾಕರಣ ಎಂಬ ಪಟ್ಟಿಯನ್ನೇ ಪ್ರಭು ಬದಿಗಿಟ್ಟರು. ಅದರ ಬದಲು ಮಕ್ಕಳಿಗೆ ಬಿಡಿಸಲು ಒಗಟಿನಂಥ ಕೆಲಸ ಕೊಟ್ಟರು: ನಕ್ಷೆ ನೋಡಿ ದಾರಿ ಹೇಳುವುದು, ದುಡ್ಡಿನ ಲೆಕ್ಕ, ರೈಲ್ವೆ ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕೆಂದು ತೀರ್ಮಾನಿಸುವುದು. ಮೊದಲು ಮೇಷ್ಟರು ಇಡೀ ತರಗತಿಯೊಂದಿಗೆ ಪ್ರಶ್ನೋತ್ತರ ಮಾಡುತ್ತಾ ಒಂದನ್ನು ಬಿಡಿಸಿ ತೋರಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸುವುದು. ಮನಸ್ಸೆಲ್ಲ ಲೆಕ್ಕದ ಮೇಲೆ, ಅರ್ಥದ ಮೇಲೆ. ವ್ಯಾಕರಣ ಒಳಗೊಳಗೇ ಬೆಳೆಯಲಿ ಎಂಬುದು ಅವರ ನಂಬಿಕೆ.

ರೈಲ್ವೆ ವೇಳಾಪಟ್ಟಿಯ ಪಾಠವೊಂದನ್ನು ಊಹಿಸಿಕೊಳ್ಳಿ. ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್.’ ‘ವೆನ್ ಡಸ್ ಇಟ್ ರೀಚ್?’ ‘ಇಟ್ ರೀಚಸ್ ಅಟ್ ಟೆನ್.’ ನಾನು ಮೂರು ದಿನ ಬೋರ್ಡಿನ ಮೇಲೆ ಬರೆದ ಅದೇ ಎಸ್, ಇಲ್ಲಿ ನಲವತ್ತು ನಿಮಿಷದಲ್ಲಿ ಎಷ್ಟೋ ಸಲ ಮಕ್ಕಳ ಕಿವಿಗೆ ಬೀಳುತ್ತದೆ, ಅದೂ ಕೆಲಸವಿರುವ ವಾಕ್ಯಗಳಲ್ಲಿ. ಮಗು ತಪ್ಪಿದರೆ ಪ್ರಭು ಅವರ ತರಗತಿಯಲ್ಲಿ ತಿದ್ದಬಾರದೆಂದೇನೂ ಇರಲಿಲ್ಲ. ಮಾತಿನ ಓಟದಲ್ಲಿ ಸರಿಯಾದ ರೂಪ ಹೇಳಿ ಮುಂದೆ ಹೋಗಬಹುದಿತ್ತು. ಪಾಠ ನಿಲ್ಲಿಸಿ ಅದರ ಮೇಲೆ ಇನ್ನೊಂದು ಪಾಠ ಮಾಡುವಂತಿರಲಿಲ್ಲ, ಅಷ್ಟೆ. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ನಡೆಸಿದ ಮೌಲ್ಯಮಾಪನ 1985ರಲ್ಲಿ ಪ್ರಕಟವಾಯಿತು. ಅದು ಈ ಪ್ರಯೋಗಕ್ಕೆ ಎಚ್ಚರದ ಬೆಂಬಲ ಕೊಟ್ಟಿತು. ಈ ಕ್ರಮಕ್ಕೂ ವ್ಯಾಕರಣ ಪಟ್ಟಿಯ ಹಳೆಯ ಕ್ರಮಕ್ಕೂ ಅದು ಮಾಡಿದ ಹೋಲಿಕೆ ನ್ಯಾಯವಾಗಿತ್ತೇ ಎಂಬ ವಾದ ಆಮೇಲೂ ನಡೆಯಿತು. 1987ರಲ್ಲಿ ಪ್ರಭು ಬರೆದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕ ಜಗತ್ತಿನ ಕಾರ್ಯಾಧಾರಿತ ಬೋಧನೆಗೆ ದಾರಿ ತೋರಿದ ಕೃತಿಗಳಲ್ಲಿ ಒಂದು. ಎಲ್ಲರಿಗೂ ಒಗ್ಗುವ ಒಂದು ಶ್ರೇಷ್ಠ ವಿಧಾನವೆಂಬುದಿಲ್ಲ, ಮೇಷ್ಟರಿಗೆ ತಾನು ಮಾಡುತ್ತಿರುವುದರ ಮೇಲೆ ಮನದಟ್ಟಾದ ನಂಬಿಕೆ ಇರಬೇಕು ಎಂದು 1990ರಲ್ಲಿ ಹೇಳಿದವರೂ ಅವರೇ. ನಮ್ಮ ನೆಲದಲ್ಲಿ ಹುಟ್ಟಿದ ಈ ವಿಚಾರ ನಮ್ಮ ಶಿಕ್ಷಕರ ತರಬೇತಿಯಲ್ಲಿ ಹೆಮ್ಮೆಯಿಂದ ಚರ್ಚೆಯಾಗಬೇಕು.

ತಿದ್ದುವುದರಲ್ಲೂ ಒಂದು ಹದವಿದೆ. 1997ರಲ್ಲಿ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿದರು. ಶಿಕ್ಷಕರು ತಿದ್ದಿದ್ದರಲ್ಲಿ ಅರ್ಧಕ್ಕೂ ಹೆಚ್ಚು, ಮಗುವಿನ ತಪ್ಪು ವಾಕ್ಯವನ್ನೇ ಸರಿಮಾಡಿ ಮೆಲ್ಲಗೆ ಮರಳಿ ಹೇಳುವ ಬಗೆಯದು. ಆದರೆ ಮಕ್ಕಳು ಅದಕ್ಕೆ ಓಗೊಟ್ಟದ್ದು ಕಡಿಮೆ. ತಾವು ಹೇಳಿದ ಸಂಗತಿಯನ್ನು ಮೇಷ್ಟರು ಒಪ್ಪಿದರು ಎಂದುಕೊಂಡು ಅವರು ಮುಂದೆ ಹೋಗುತ್ತಿದ್ದಿರಬಹುದು. ‘ಇನ್ನೊಮ್ಮೆ ಹೇಳು ನೋಡೋಣ’ ಎಂದು ಸುಳಿವು ಕೊಟ್ಟು, ಮಗುವೇ ತಿದ್ದಿಕೊಳ್ಳುವಂತೆ ಮಾಡಿದಾಗ ಹೆಚ್ಚು ಫಲ ಸಿಕ್ಕಿತು. ಬಿಲ್ ವ್ಯಾನ್‌ಪ್ಯಾಟನ್ ಇನ್ನೊಂದು ಉಪಾಯ ಹೇಳಿದರು: ಅರ್ಥ ತಿಳಿಯಬೇಕಾದರೆ ಆ ರೂಪವನ್ನು ನೋಡಲೇಬೇಕು ಎಂಬಂತೆ ಅಭ್ಯಾಸ ಕಟ್ಟಿ. ಇದನ್ನು ನಮ್ಮ ಎಸ್‌ಗೆ ಹೀಗೆ ಹೊಂದಿಸಬಹುದು. ಕರ್ತೃವನ್ನು ಕೈಯಿಂದ ಮುಚ್ಚಿ, ‘...ಗೋಸ್ ಟು ಮಾರ್ಕೆಟ್’ ಎಂದಷ್ಟೇ ತೋರಿಸಿ, ಹೋಗುವುದು ಅಜ್ಜಿಯೋ ಹುಡುಗರೋ ಎಂದು ಕೇಳಿ. ಈಗ ಎಸ್‌ಗೂ ಕನ್ನಡದ ‘ಆಳೆ’, ‘ಆರೆ’ಗಳಂತೆ ಒಂದು ಕೆಲಸ ಸಿಕ್ಕಿತು. ಮಗುವಿನ ಕಣ್ಣು ಅಲ್ಲಿಗೆ ಹೋಗಲೇಬೇಕು.

ಇದೇ ಕಣ್ಣಿಂದ ಕನ್ನಡ ಕಲಿಯುವವರನ್ನೂ ನೋಡಬೇಕು. ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಬಿಹಾರದ ಹುಡುಗನೊಬ್ಬ ಕೆಲಸ ಮಾಡುತ್ತಾನೆ. ಮೊದಮೊದಲು ಎಲ್ಲದಕ್ಕೂ ‘ಇಲ್ಲ’. ಬೆಂಚಿನ ಮೇಲೆ ಯಾರೋ ಮರೆತುಹೋದ ಛತ್ರಿ ಕಂಡು ನಿನ್ನದೇ ಎಂದರೆ ‘ಇದು ನಂದು ಇಲ್ಲ’ ಅಂದ. ಹಿಂದಿಯಲ್ಲಿ ಎರಡಕ್ಕೂ ‘ನಹೀ’ ಸಾಕು, ಕನ್ನಡದಲ್ಲಿ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ. ‘ನಿಂದಲ್ವಾ? ಮತ್ತೆ ಯಾರದು?’ ಎಂದೆ. ಆವತ್ತು ಅವನು ಗಮನಿಸಲಿಲ್ಲ. ಆರಂಭದಲ್ಲಿ ‘ಓನರ್ ಬಂದ್ರು’ ಎಂದು ಸರಿಯಾಗಿ ಹೇಳುತ್ತಿದ್ದವನು ಕೆಲವು ತಿಂಗಳ ಮೇಲೆ ‘ಓನರ್ ಬರಿದ್ರು’ ಎನ್ನತೊಡಗಿದ. ಪಕ್ಕದಲ್ಲಿ ಕೂತವರು ನಕ್ಕರು. ನನಗೆ ಮಾತ್ರ ಸಂತೋಷವಾಯಿತು. ಮೊದಲಿನ ‘ಬಂದ್ರು’ ಗಿಣಿಪಾಠ. ಮಾಡಿದ್ರು, ಹೇಳಿದ್ರು, ಕೇಳಿದ್ರು ಎಂಬುದರಿಂದ ಸೂತ್ರವೊಂದನ್ನು ತೆಗೆದು ತಾನೇ ಕಟ್ಟಿದ್ದು ಈ ‘ಬರಿದ್ರು’. ತಪ್ಪಾಗಿ ಕೇಳಿದರೂ ಅದು ಮುಂದಿಟ್ಟ ಹೆಜ್ಜೆ. ಈಗ ಅವನು ಮತ್ತೆ ‘ಬಂದ್ರು’ ಎನ್ನುತ್ತಾನೆ, ಮೊನ್ನೆ ‘ನಂದಲ್ಲ ಸಾರ್’ ಅಂದ.

ಇಂಥ ಹುಡುಗನ ಮುರುಕು ಕನ್ನಡ ಕೇಳಿದ ಕೂಡಲೇ ನಾವು ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಉಪಕಾರ ಮಾಡಿದೆವು ಎಂದುಕೊಳ್ಳುತ್ತೇವೆ, ನಿಜಕ್ಕೂ ಅವನ ಕಿವಿಗೆ ಬೀಳಬೇಕಾದ ಕನ್ನಡವನ್ನು ಕಿತ್ತುಕೊಂಡಿರುತ್ತೇವೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದೆ. ಕಾಯ್ದೆ ಪುಸ್ತಕವನ್ನು ಬ್ಯಾಗಿಗೆ ಹಾಕಿಸಬಲ್ಲದು. ಮಾತನ್ನು ಬಾಯಿಗೆ ತರುವುದು ತರಗತಿಯ ಒಳಗೂ ಹೊರಗೂ ಆ ಮಗುವಿನೊಂದಿಗೆ ಕನ್ನಡದಲ್ಲಿ, ತಾಳ್ಮೆಯಿಂದ ಮಾತಾಡುವ ಜನ. ವಿಭಕ್ತಿ ಪ್ರತ್ಯಯಗಳ ಪಟ್ಟಿ ಬಾಯಿಪಾಠ ಮಾಡಿಸುವ ಮೊದಲು ‘ಅಂಗಡಿಗೆ’, ‘ಅಂಗಡಿಯಲ್ಲಿ’, ‘ಅಂಗಡಿಯಿಂದ’ ಎಂದು ಹೇಳಲೇಬೇಕಾದ ಹತ್ತು ಕೆಲಸ ಕೊಡೋಣ. ಪಟ್ಟಿ ಆಮೇಲೆ ಬರಲಿ, ತಾನು ಆಗಲೇ ಆಡುತ್ತಿರುವುದನ್ನು ಮಗು ಅದರಲ್ಲಿ ಗುರುತಿಸಲಿ.

ಶಿಕ್ಷಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಕಲಿಸಿದ ನಿಯಮ ನಾಳೆಯೇ ಬಾಯಿಗೆ ಬರಲಿಲ್ಲವೆಂದು ಮಗುವನ್ನು ದಡ್ಡನೆನ್ನಬೇಡಿ, ನಿಮ್ಮನ್ನೂ ಹಳಿದುಕೊಳ್ಳಬೇಡಿ. ನಿಯಮ ಹೇಳಿ, ಬೊಟ್ಟು ಮಾಡಿ ತೋರಿಸಿ, ಆದರೆ ಅದಕ್ಕೆ ಹತ್ತರಷ್ಟು ಹೊತ್ತು ಭಾಷೆಗೆ ಕೆಲಸ ಕೊಡಿ. ಅದೇ ರೂಪಕ್ಕೆ ತಿಂಗಳು ಬಿಟ್ಟು ಮತ್ತೆ ಬನ್ನಿ. ಒಂದು ಪುಟದ ಎಲ್ಲ ತಪ್ಪಿಗೂ ಕೆಂಪು ಇಂಕು ಬೇಡ, ಮಗು ಈಗ ಹಿಡಿಯಬಲ್ಲ ಒಂದೆರಡನ್ನು ಆರಿಸಿಕೊಳ್ಳಿ. ಮನೆಯಲ್ಲಿ ತಂದೆತಾಯಂದಿರು ಮಗುವಿನ ಮಾತನ್ನು ಪೂರ್ತಿ ಕೇಳಿದ ಮೇಲೆ ತಿದ್ದಲಿ.

ಎರಡನೇ ಬೆಂಚಿನ ಆ ಹುಡುಗನಿಗೆ ಈಗ ಮಕ್ಕಳಿರುವ ವಯಸ್ಸು. ಆ ಬೆಳಗ್ಗೆ ಮತ್ತೆ ಸಿಕ್ಕಿದರೆ ನಾನು ಗದರುವುದಿಲ್ಲ. ನಾಲ್ಕು ಹಸು ಇರುವ ಮನೆ, ನಸುಕಿನಲ್ಲೇ ಏಳುವ ಅಪ್ಪ. ಹೇಳಲು ಅವನ ಬಳಿ ಬೇಕಾದಷ್ಟಿತ್ತು, ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ. ಅವನ ಪಕ್ಕ ಹೋಗಿ ನಿಂತು ಕೇಳುತ್ತೇನೆ: ‘ಫೋರ್ ಕೌಸ್! ವಿಚ್ ಕೌ ಗಿವ್ಸ್ ಮೋರ್ ಮಿಲ್ಕ್?’